ಬೆಳ್ಳಕ್ಕಿ ಬರೆದ ಅರ್ಜಿ

ಎಳೆಯ ಬೆಳ್ಳಕ್ಕಿಯೊಂದಕ್ಕೆ ಕೆರೆಯ ಮುದಿ ಕೊಕ್ಕರೆಯ ಬಳಿ ಮೀನು ಹಿಡಿಯುವ ವಿದ್ಯೆ ಕಲಿಯುವ ಆಸೆ. ತಾವರೆಯೆಲೆಯ ತುಂಬ ತನ್ನ ಪರಿಚಯ ಬರೆದು, ಅಳುಕುತ್ತಲೇ ತಂದು ಒಪ್ಪಿಸಿತು.

ಕೊಕ್ಕರೆ ಓದಿ ಕೇಳಿತು: “ಇಲ್ಲಿ ನಿನ್ನ ಅಜ್ಜ ಹಿಡಿದ ಬಾಳೆಮೀನಿದೆ, ಚಿಕ್ಕಪ್ಪ ಆಳಿದ ಕೆರೆಗಳಿವೆ. ನೀನು ಹಿಡಿದದ್ದೇನು?”

ಬೆಳ್ಳಕ್ಕಿ ತಲೆ ತಗ್ಗಿಸಿತು. “ಒಂದೇ ಒಂದು ಗೊದಮೊಟ್ಟೆ, ಗುರುಗಳೇ. ಅದಕ್ಕೂ ಇಡೀ ದಿನ ಕಾಯಬೇಕಾಯಿತು. ನಾಚಿಕೆಯಾಗಿ ಬರೆಯಲಿಲ್ಲ.”

“ಇಡೀ ದಿನ ಅಲುಗದೆ ನಿಂತೆಯಾ?”

“ಹೌದು. ಅಲುಗಿದ್ದರೆ ನೀರು ಕದಡುತ್ತಿತ್ತು.”

“ಇಲ್ಲಿಗೆ ಬರುವವರೆಲ್ಲ ಗಳಿಗೆಯೊಳಗೆ ನೀರು ಕದಡಿ ಮೀನು ಓಡಿಸುತ್ತಾರೆ,” ಎಂದಿತು ಕೊಕ್ಕರೆ. “ಹೋಗು, ಈಗ ಹೇಳಿದ್ದನ್ನೇ ಬರೆದು ತಾ.”

ಬೆಳ್ಳಕ್ಕಿ ಚಿಕ್ಕದೊಂದು ಎಲೆ ಕಿತ್ತು ಎರಡು ಸಾಲು ಬರೆಯಿತು. ಕೊಕ್ಕರೆ ಅದನ್ನು ಓದಿ, ಪಕ್ಕಕ್ಕೆ ಸರಿದು, ತನ್ನ ಬದಿಯಲ್ಲೇ ಜಾಗ ಕೊಟ್ಟಿತು.