ಚಿಪ್ಪಜ್ಜ ಹೇಳಿದ ಮಳೆ

ಮಕ್ಕಳೇ, ಕಡಲ ದಂಡೆಯಿಂದ ಸ್ವಲ್ಪ ಒಳಗೆ, ಗೇರುಮರಗಳ ಕಾಡಿನ ನಡುವೆ ಒಂದು ಸಿಹಿನೀರಿನ ಕೊಳವಿತ್ತು. ಕೊಳದಿಂದ ಹೊರಟ ಸಣ್ಣ ತೋಡೊಂದು ದೇವಸ್ಥಾನದ ದೊಡ್ಡ ಕೆರೆಯನ್ನು ಸೇರುತ್ತಿತ್ತು. ಆ ಕೆರೆ ಎಂಥ ಬೇಸಿಗೆಗೂ ಬತ್ತಿದ್ದಿಲ್ಲ. ಅದು ದೇವರ ದಯೆ. ಕೊಳ ಹಾಗಲ್ಲ, ಕೆಲವು ವರ್ಷ ತಳ ಬಿರಿಯುವಷ್ಟು ಬತ್ತುತ್ತಿತ್ತು.

ಅದಕ್ಕೇ ಅಲ್ಲೊಂದು ಪದ್ಧತಿ. ಯುಗಾದಿಯ ಬೆಳಿಗ್ಗೆ ಎಲ್ಲರೂ ದಡದಲ್ಲಿ ಸೇರಬೇಕು. ಚಿಪ್ಪಜ್ಜನೆಂಬ ಮುದಿ ಆಮೆ ಕಲ್ಲು ಹತ್ತಿ, ಈ ಸಲ ಸೆಕೆ ಎಷ್ಟು, ಮಳೆ ಯಾವಾಗ ಎಂದು ಹೇಳಬೇಕು. ಅದನ್ನು ಕೇಳಿದ ಮೇಲೆಯೇ ಇರುವವರು ಇರುವುದು, ಹೊರಡುವವರು ಹೊರಡುವುದು.

ಆ ವರ್ಷ ಕೊಳದಲ್ಲಿದ್ದ ಮೀನು ಬೆಳ್ಳಕ್ಕ ಒಬ್ಬಳೇ. ಜೊತೆಗೆ ಅವಳ ಏಳು ಪುಟ್ಟ ಮರಿಗಳು.

ಚಿಪ್ಪಜ್ಜನಿಗೆ ಆ ಸಲದ ಬೇಸಿಗೆ ಗೊತ್ತಾಗಿತ್ತು. ಅವನು ಮಲಗುವುದು ಕೊಳದ ತಳದ ಒರತೆಯ ಬಾಯಲ್ಲಿ. ಒಳ್ಳೆಯ ವರ್ಷಗಳಲ್ಲಿ ಹೊಟ್ಟೆಗೆ ತಣ್ಣಗೆ ತಾಗುತ್ತಿದ್ದ ನೀರು ಈ ಸಲ ಬೆಚ್ಚಗಿತ್ತು. ಮಳೆಗೆ ಮುಂಚೆ ಹೂ ಬಿಡುವ ಕಕ್ಕೆಮರದಲ್ಲಿ ಒಂದು ಮೊಗ್ಗೂ ಇರಲಿಲ್ಲ.

ಆದರೆ ಕಲ್ಲು ಹತ್ತಿ ನೋಡಿದರೆ ಎದುರಿಗೆಲ್ಲ ಹಬ್ಬದ ಮುಖಗಳು. "ಅಜ್ಜ, ನಿಮ್ಮ ಬಾಯಲ್ಲಿ ಒಳ್ಳೆಯದೇ ಬರಲಿ" ಎಂದವು ಕಪ್ಪೆಗಳು.

ಹಬ್ಬದ ದಿನ ಕೆಟ್ಟದ್ದು ನುಡಿಯುವುದು ಹೇಗೆ ಎಂದುಕೊಂಡ ಅಜ್ಜ. "ಹದಿನೈದು ದಿನದಲ್ಲಿ ಮಳೆ. ಯಾರೂ ಎಲ್ಲಿಗೂ ಹೋಗಬೇಕಾಗಿಲ್ಲ" ಎಂದುಬಿಟ್ಟ.

ದಡದ ಏಡಿ ಓರೆಯಪ್ಪ ಮುಂದೆ ಬಂದ. "ಅಜ್ಜ, ನಾನು ಬಿಲ ತೋಡುತ್ತಲೇ ಇದ್ದೇನೆ. ಹಸಿಮಣ್ಣು ಇನ್ನೂ ಸಿಕ್ಕಿಲ್ಲ."

"ಅಡ್ಡ ನಡೆಯುವವನಿಗೆ ಮಾತೂ ಅಡ್ಡವೇ" ಎಂದು ಒಂದು ಕಪ್ಪೆ ಛೇಡಿಸಿತು. ಎಲ್ಲರೂ ನಕ್ಕರು. ಅಜ್ಜನೂ ನಕ್ಕ.

ನಾವು ಯುಗಾದಿಗೆ ಬೇವು ಬೆಲ್ಲ ಎರಡನ್ನೂ ನಾಲಿಗೆಗೆ ಹಚ್ಚುತ್ತೇವೆ. ಆ ಕೊಳದಲ್ಲಿ ಅಂದು ಬೆಲ್ಲ ಮಾತ್ರ ಹಂಚಿದರು.

ಸಂಜೆ ಬೆಳ್ಳಕ್ಕ ಒಬ್ಬಳೇ ಬಂದಳು. "ಅಜ್ಜ, ಹಬ್ಬದ ಮಾತು ಬಿಡಿ. ತೋಡಿನಲ್ಲಿ ಇನ್ನೂ ಗೇಣು ನೀರಿದೆ. ಮರಿಗಳು ಸಣ್ಣವು, ದಾರಿಯಲ್ಲಿ ಒಂದೆರಡು ಹೋದರೂ ಹೋದಾವು. ನಾನು ಹೊರಡಲೋ, ಇರಲೋ?"

ಅಜ್ಜ ನಿಜ ಹೇಳಬಹುದಿತ್ತು. ಆದರೆ ಬೆಳಿಗ್ಗೆ ಆಡಿದ ಮಾತನ್ನು ಸಂಜೆ ತಿನ್ನುವುದೆಂದರೆ ಹಿರಿತನಕ್ಕೆ ಕಡಿಮೆ.

"ಇರು ಮಗಾ. ನಾನು ಹೇಳಿದೆನಲ್ಲ" ಎಂದ.

ಅಜ್ಜನ ಮಾತು ಎಂದು ಬೆಳ್ಳಕ್ಕ ಉಳಿದಳು.

ಹದಿನೈದು ದಿನ ಕಳೆಯಿತು. ಕಡಲಿನ ಮೇಲೆ ಮೋಡ ಕಟ್ಟುವುದು, ಸಂಜೆಗೆ ಕರಗುವುದು. ಎಲೆ ಅಲುಗದಂಥ ಸೆಕೆ. ತೋಡು ಬತ್ತಿ ಮರಳಾಯಿತು. ಕಪ್ಪೆಗಳು ಒಂದೊಂದೇ ಕುಪ್ಪಳಿಸಿ ಕೆರೆಯ ದಾರಿ ಹಿಡಿದವು. ಕಾಲಿದ್ದವರು ಹೋದರು. ಬೆಳ್ಳಕ್ಕನಿಗೆ ಕಾಲಿರಲಿಲ್ಲ.

ಕೊಳ ಹರಿವಾಣದಷ್ಟಾದಾಗ ಅಜ್ಜ ಅವಳ ಬಳಿ ಬಂದ. ತಲೆಯನ್ನು ಚಿಪ್ಪಿನಿಂದ ಅರ್ಧ ಮಾತ್ರ ಹೊರಗೆ ಹಾಕಿದ. "ಮಗಾ, ಮಳೆಗೆ ಇನ್ನೂ ಒಂದು ತಿಂಗಳಿದೆ. ನನಗೆ ಆವತ್ತೇ ಗೊತ್ತಿತ್ತು."

"ಗೊತ್ತಿತ್ತೇ?" ಎಂದಳು ಬೆಳ್ಳಕ್ಕ. ಮರಿಗಳತ್ತ ತಿರುಗಿ ನೋಡಿದಳು. ಬೈಯಲಿಲ್ಲ.

"ಹಾಗಾದರೆ ಒಂದು ಉಪಕಾರ ಮಾಡಿ ಅಜ್ಜ. ಮರಿಗಳು ಕೇಳಿದರೆ ನಾಳೆ ಮಳೆ ಎಂದೇ ಹೇಳಿ. ಈಗ ಅವುಗಳಿಗೆ ನಿಜ ತಿಳಿದು ಏನಾಗಬೇಕು?"

ಮರಿಗಳು ದಿನವೂ ಕೇಳಿದವು. "ಅಜ್ಜ, ಮಳೆ ಎಂದು?"

"ನಾಳೆ ಮಕ್ಕಳೇ."

ಮೊದಲು ಏಳು ಕೇಳಿದವು. ಆಮೇಲೆ ನಾಲ್ಕು. ಕೊನೆಗೆ ಒಂದೇ. ಮರುದಿನ ಕೇಳುವವರು ಇರಲಿಲ್ಲ; ಬೆಳ್ಳಕ್ಕನೂ ಇರಲಿಲ್ಲ. ಅಜ್ಜ ಕೆಸರಿನೊಳಗೆ ಹೂತುಕೊಂಡ. ಅವನ ಬೆನ್ನಿಗೆ ಚಿಪ್ಪಿತ್ತು, ಬದುಕಿದ.

ತಿಂಗಳಾದ ಮೇಲೆ ಮಳೆ ಬಂತು. ಕೊಳ ತುಂಬಿತು, ತೋಡು ಹರಿಯಿತು, ಕೆರೆಯಿಂದ ಹೊಸ ಮೀನುಗಳು ಬಂದವು.

ಮುಂದಿನ ಯುಗಾದಿಗೆ ಅಜ್ಜ ಮತ್ತೆ ಕಲ್ಲು ಹತ್ತಿದ. ಒರತೆ ಆ ವರ್ಷವೂ ಬೆಚ್ಚಗಿತ್ತು.

"ಕೊಳ ಬತ್ತುತ್ತದೆ. ಇವತ್ತೇ ಹೊರಡಿ" ಎಂದ.

"ಹಬ್ಬದ ದಿನ ಇದೆಂಥ ಮಾತು ಅಜ್ಜ? ಊಟವಾದರೂ ಆಗಲಿ" ಎಂದಿತು ಒಂದು ಮೀನು.

"ಊಟ ಕೆರೆಯಲ್ಲಿ ಮಾಡಿ" ಎಂದ ಅಜ್ಜ.

ಮೀನುಗಳು ಮರಿಗಳೊಂದಿಗೆ ಗೊಣಗುತ್ತ ಹೊರಟವು. ಓರೆಯಪ್ಪ ತೋಡಿನ ಬಾಯಲ್ಲಿ ನಿಂತು ದಾರಿ ತೋರಿಸಿದ. ಕೊನೆಯ ಮರಿ ತೋಡು ಸೇರುವವರೆಗೂ ಅಜ್ಜ ಬಿಸಿಲಲ್ಲಿ ಕಲ್ಲಿನ ಮೇಲೆಯೇ ಇದ್ದ. ಹೋಗುತ್ತಿದ್ದ ಮರಿಗಳನ್ನು ಎಣಿಸುತ್ತಿದ್ದ. ಏಳಕ್ಕೆ ಬಂದಾಗ ಬೆಳ್ಳಕ್ಕ ಇದ್ದ ಕಡೆಗೊಮ್ಮೆ ತಿರುಗಿ ನೋಡಿದ.

ನೀತಿ: ಕಹಿಯಾದ ನಿಜವನ್ನು ದಾರಿ ತೆರೆದಿರುವಾಗಲೇ ಹೇಳಬೇಕು, ದಾರಿ ಮುಚ್ಚಿದ ಮೇಲೆ ಹೇಳಿದ ನಿಜ ಯಾರನ್ನೂ ಉಳಿಸದು.