ಕಾದ ಹಾಲಿಗೆ ಹೆಪ್ಪು

"ಗುರುಗಳೇ, ಮಗೂನ ಎಷ್ಟು ಅಂತ ಕಾಯ್ಬೇಕು?"

ಕೇಳಿದವಳು ಶಿವನಂಜಿ. ಅವಳ ಸೊಂಟದ ಮೇಲೆ ಎರಡು ವರ್ಷದ ಮಗ. ಮಠದ ಅಂಗಳದಲ್ಲಿ ಬೇರೆ ಮಕ್ಕಳು ಮಣ್ಣಿನಲ್ಲಿ ಆಡುತ್ತಿದ್ದವು. ಇವನು ಇಳಿಯಲು ಕೊಸರಾಡುತ್ತಿದ್ದ. ಅವಳು ಬಿಡಲಿಲ್ಲ. ಮೊದಲ ಮಗು ವಾಂತಿಭೇದಿಯಲ್ಲಿ ಹೋದಂದಿನಿಂದ ಅವಳಿಗೆ ನೆಲವೆಂದರೆ ಭಯ, ಗಾಳಿಯೆಂದರೆ ಭಯ, ಕಂಡವರ ಕೈಯೆಂದರೆ ಭಯ.

ಗುರುಗಳು ಹೇಳತೊಡಗಿದರು:

ಒಬ್ಬ ತಾಯಿ ಇದ್ದಳು. ಅವಳ ಮಗುವಿಗೆ ಜ್ವರ ಬಂದಿತು. ವೈದ್ಯನ ಔಷಧಿಗೆ ಜ್ವರ ಬಿಟ್ಟಿತು, ಆದರೆ ಹೊಟ್ಟೆ ಕೆಟ್ಟಿತು. ತಿಂದದ್ದು ಮೈಗೆ ಹತ್ತಲಿಲ್ಲ. ಮಗು ಸೊರಗುತ್ತ ಬಂದಿತು. 'ಮನೆಯಲ್ಲೇ ಹೆಪ್ಪು ಹಾಕಿದ ಮೊಸರನ್ನು ಅನ್ನಕ್ಕೆ ಕಲಸಿ ತಿನ್ನಿಸು' ಎಂದು ವೈದ್ಯ ಹೇಳಿದ.

ತಾಯಿ ಜೀವವನ್ನು ಕೈಯಲ್ಲಿ ಹಿಡಿದುಕೊಂಡು ಒಲೆಯ ಮುಂದೆ ಕೂತಳು. ಕುಡಿಯುವ ನೀರನ್ನು ಕುದಿಸಿದಳು, ಅದು ಸರಿಯೇ. ಪಾತ್ರೆಯನ್ನೂ ಕುದಿಸಿದಳು; ಆಗಲಿ. ಹಾಲು ಉಕ್ಕಿ ಬಂದರೂ ಇಳಿಸಲಿಲ್ಲ. ಆರಲು ಬಿಟ್ಟರೆ ಏನು ಬೀಳುತ್ತದೋ ಎಂದು ಹೆದರಿ, ಕುದಿಯುವ ಹಾಲಿಗೇ ಪಕ್ಕದ ಮನೆಯ ಹೆಪ್ಪನ್ನು ಬಿಟ್ಟು ಮುಚ್ಚಿದಳು.

ಬೆಳಿಗ್ಗೆ ನೋಡಿದರೆ ಮೊಸರಿಲ್ಲ. ಹಾಲು ಒಡೆದು ನೀರು ಬಿಟ್ಟಿತ್ತು. ಇನ್ನೊಂದು ಮನೆಯ ಹೆಪ್ಪು ತಂದಳು, ಅದೂ ಅಷ್ಟೇ. ಮೂರನೆಯ ಮನೆಯದೂ ಅಷ್ಟೇ. ಬೀದಿಯ ಹೆಪ್ಪೆಲ್ಲ ಕೆಟ್ಟುಹೋಗಿದೆ ಎಂದು ಬೀದಿಯನ್ನೇ ಬೈದಳು. ಪಾಪ, ಬೈಯುವಾಗಲೂ ಅವಳ ಕಣ್ಣು ಮಗುವಿನ ಮೇಲೇ. ಅದು ಆಟ ಮರೆತು ಮಡಿಲಲ್ಲಿ ಮುದುಡಿತ್ತು. ಮಗು ಎಲ್ಲಿ ಕೈಬಿಟ್ಟು ಹೋದೀತೋ ಎಂದು ಅವಳು ಅದನ್ನು ಹತ್ತಿರಕ್ಕೆ ಎಳೆದುಕೊಂಡಳು.

ಬೈಗುಳ ಕೇಳಿ ಪಕ್ಕದ ಮನೆಯವಳು ಬಂದಳು. ಅಂದು ಮತ್ತೆ ಕುದಿಯಲು ಇಟ್ಟಿದ್ದ ಹಾಲನ್ನು ಒಲೆಯಿಂದ ಇಳಿಸಿದಳು. ಒಂದಿಷ್ಟು ಹೊತ್ತು ಕಳೆದ ಮೇಲೆ ಕೈ ತೊಳೆದುಕೊಂಡು ಕಿರುಬೆರಳು ಅದ್ದಲು ಹೋದಳು. ತಾಯಿ ಹೌಹಾರಿದಳು.

'ನನ್ನ ಮಗೂ ಹಾಲಿಗೆ ಬೆರಳು ಹಾಕ್ತೀಯಲ್ಲೇ!'

'ಬೆರಳು ತಾಳ್ದಿರೋ ಬಿಸೀನ ಹೆಪ್ಪು ತಾಳ್ತದೇನಕ್ಕ? ಅದಕ್ಕೂ ಜೀವ ಐತೆ. ನಿನ್ ಮಗೂನ ಕಾಯೋಕೆ ಬಂದ ಜೀವಾನ ನೀನೇ ದಿನಾ ಬೇಯಿಸ್ತಿದ್ದೀಯ.'

ತಾಯಿ ಹಾಲು ಆರುವವರೆಗೂ ಸುಮ್ಮನೆ ಕೂತಳು. ಒಲೆ ಉರಿಸುವುದಕ್ಕಿಂತ ಹಾಗೆ ಕೂರುವುದೇ ಅವಳಿಗೆ ಕಷ್ಟವಾಯಿತು. ಉಗುರುಬೆಚ್ಚಗಾದಾಗ ಹೆಪ್ಪು ಬಿಟ್ಟಳು. ಮರುದಿನ ಮುಚ್ಚಳ ತೆಗೆದರೆ ಗಟ್ಟಿ ಮೊಸರು. ದಿನ ಕಳೆದಂತೆ ಮಗುವಿನ ಹೊಟ್ಟೆ ಹದಕ್ಕೆ ಬಂದಿತು. ಒಂದು ಬೆಳಿಗ್ಗೆ ಅದು ಇನ್ನೊಂದು ತುತ್ತು ಬೇಕೆಂದು ತಾನೇ ಬಾಯಿ ತೆರೆಯಿತು.

ಗುರುಗಳು ಕತೆ ನಿಲ್ಲಿಸಿದರು. ಶಿವನಂಜಿ ಸೆರಗಿನಿಂದ ಕಣ್ಣೊರೆಸಿಕೊಂಡಳು. ಸೊಂಟದ ಮೇಲಿನ ಮಗ ಈಗಲೂ ಕಾಲು ಜಾಡಿಸುತ್ತಿದ್ದ. ಅವಳು ಅವನನ್ನು ಇನ್ನಷ್ಟು ಬಿಗಿಯಾಗಿ ಅವುಚಿಕೊಂಡಳು.

"ಹಂಗಾದ್ರೆ ಕಾಯೋದೇ ತಪ್ಪಾ, ಗುರುಗಳೇ?"

ಗುರುಗಳು ಅಂಗಳದ ಮಕ್ಕಳ ಕಡೆ ನೋಡಿದರು. ಆಮೇಲೆ, ನೆಲಕ್ಕೆ ಎಟುಕದೆ ಒದ್ದಾಡುತ್ತಿದ್ದ ಆ ಪುಟ್ಟ ಪಾದಗಳ ಕಡೆ ನೋಡಿದರು.

"ಹಾಲು ಕಾದ ಮೇಲೆ ಇಳಿಸುತ್ತಾರೆ, ತಾಯಿ, ನೀನೂ ಕಾದದ್ದಾಯಿತು, ಇಳಿಸು."