ಮೇರ್ ಕ್ರೀಕಿನ ಗೊರಸುತೀರ್ಥ ಮಹಿಮೆ

ಲವಣಸಮುದ್ರದಾಚೆ, ಆಸ್ಟ್ರೇಲಿಯಾ ಖಂಡದಲ್ಲಿ, ಎರಡು ಬೋಳುಗುಡ್ಡಗಳ ನಡುವೆ, ವರ್ಷದ ಒಂಬತ್ತು ತಿಂಗಳು ಬರಿ ಮರಳೇ ಕಾಣುವ ಹೊಳೆಯ ದಂಡೆಯಲ್ಲಿ, ಇಂದು ನಲವತ್ತು ಮನೆಗಳೂ ರೈಲು ನಿಲ್ಲದ ಒಂದು ನಿಲ್ದಾಣವೂ ಇರುವ ಮೇರ್ ಕ್ರೀಕ್ ಎಂಬ ಕ್ಷೇತ್ರವು ಪೂರ್ವದಲ್ಲಿ ಡಂಕನ್ ಎಂಬ ಕುರಿಧಣಿಯ ಅಧೀನದಲ್ಲಿತ್ತು. ಅನಾದಿಯಿಂದ ಅಲ್ಲಿ ಬಾಳಿದ ಮೂಲನಿವಾಸಿಗಳನ್ನು ಓಡಿಸಿ ಬೇಲಿ ಬಿಗಿದಿದ್ದ ಆತನು, ಅನ್ಯರ ನೆಲ ಕಿತ್ತುಕೊಂಡವರಿಗೆ ಸಹಜವಾದ ಶಂಕೆಯಿಂದ, ಬಂದವರನ್ನೆಲ್ಲ ಕಳ್ಳರೆಂದೇ ಬಗೆಯುತ್ತಿದ್ದನು.

ಮೈಸೂರು ಸೀಮೆಗೆ ಕುದುರೆ ಕೊಂಡೊಯ್ಯುವವರೊಡನೆ ಹಡಗಿನಲ್ಲಿ ಬಂದು, ಜ್ವರಪೀಡಿತನಾಗಿ ಹಿಂದುಳಿದು, ಡಂಕನ್‌ನ ಲಾಯದಲ್ಲೇ ಚಾಕರಿಗೆ ನಿಂತ ಮೈಲಾರಿಯೆಂಬ ಭಕ್ತನು ನಿತ್ಯವೂ ಪ್ರಾತಃಕಾಲದಲ್ಲಿ ಗುಡ್ಡದ ಬುಡದ ಬಂಡೆಗೆ ಭಂಡಾರವನ್ನು, ಅಂದರೆ ಪವಿತ್ರವಾದ ಅರಿಶಿನಪುಡಿಯನ್ನು ಹಚ್ಚಿ, ಅಶ್ವಾರೂಢನಾದ ಮೈಲಾರಲಿಂಗನನ್ನು ಧ್ಯಾನಿಸುತ್ತಿದ್ದನು.

ಒಂದು ಘೋರ ಬೇಸಿಗೆಯಲ್ಲಿ, ಇದ್ದೊಂದು ಕೊಳ ಹಸಿರುಗಟ್ಟಿ, ಅದರ ನೀರು ಕುಡಿದ ಕುರಿಗಳು ಸಾಲುಸಾಲಾಗಿ ಸತ್ತವು. ಡಂಕನ್ ಮೈಲಾರಿಯ ಚೀಲ ಜಾಲಾಡಿ ಹಳದಿ ಪುಡಿಯನ್ನು ಕಂಡನು. ಅವನನ್ನು ಆ ಬಂಡೆಯ ಬಳಿಗೇ ಎಳೆತಂದು, ಕೈಗಳನ್ನು ಮುಂದಕ್ಕೆ ಕಟ್ಟಿಸಿ, ಕೋವಿಯನ್ನು ಎದೆಗೆ ಗುರಿಯಿಟ್ಟನು.

"ನೀರಿಗೆ ಏನು ಬೆರೆಸಿದೆ, ಹೇಳು!"

"ಇದು ವಿಷವಲ್ಲ ಧಣಿ, ನಮ್ಮ ದೇವರ ಭಂಡಾರ" ಎಂದು ಮೈಲಾರಿ ಒಂದು ಹಿಡಿ ಬಾಯಿಗೆ ಹಾಕಿಕೊಂಡನು.

"ಸಂಜೆಯವರೆಗೆ ಬದುಕಿರು, ಆಮೇಲೆ ನೋಡೋಣ" ಎಂದು ಡಂಕನ್ ಎವೆಯಿಕ್ಕದೆ ಎದುರೇ ಕುಳಿತನು.

ಸೂರ್ಯನು ಪಶ್ಚಿಮಕ್ಕೆ ವಾಲುವಾಗ, ಮೈಲಾರಿ ಸಾಕಿದ್ದ ಬಿಳಿಯ ಹೆಣ್ಣುಕುದುರೆಯು ಹಗ್ಗ ಹರಿದುಕೊಂಡು ಓಡಿಬಂದು ಬಂಡೆಯನ್ನು ಮೂರು ಬಾರಿ ಒದೆಯಲು, ಕಲ್ಲು ಬಿರಿದು ಸ್ಫಟಿಕನಿರ್ಮಲವಾದ ಜಲಧಾರೆ ಚಿಮ್ಮಿತು. ಆಗ ಅಶರೀರವಾಣಿಯು, "ಮಗನೇ, ನಿನ್ನನ್ನು ಶಂಕಿಸಿದವನಿಗೇ ಮೊದಲ ಬೊಗಸೆ ಕೊಡು" ಎಂದಿತು.

ಡಂಕನ್‌ನ ಪತ್ನಿ ಆಗ್ನೆಸ್ ಗಂಡನ ಅಪ್ಪಣೆಗೆ ಕಾಯದೆ ಕಟ್ಟು ಬಿಚ್ಚಿದಳು. ಎದೆಯಲ್ಲಿ ಕೋಪ ಕುದಿಯುತ್ತಿದ್ದರೂ ಮೈಲಾರಿ ಬೊಗಸೆ ತುಂಬಿ ತಂದನು. ಡಂಕನ್ ನೀರನ್ನು ಮೂಸಿದನು.

"ನೀನು ಮೊದಲು ಕುಡಿ."

ಮೈಲಾರಿ ಅರ್ಧ ಕುಡಿದು, ಉಳಿದುದನ್ನು ಚಾಚಿದನು. ಧಣಿಯ ಒಣಗಿದ ತುಟಿಗಳು ಆ ಬೊಗಸೆಯನ್ನು ಮುಟ್ಟಿದವು. ಆದರೂ ಡಂಕನ್ ಕೋವಿಯನ್ನು ಕೆಳಗಿಡಲಿಲ್ಲ. ಬೊಗಸೆ ಬರಿದಾದ ಮೇಲೆಯೇ ಅದು ತಾನಾಗಿ ಕೈಜಾರಿತೆಂದು ಹಿರಿಯರು ಹೇಳುತ್ತಾರೆ.

ಗೊರಸಿನಾಕಾರದ ಆ ಕುಳಿಯು ಇಂದಿಗೂ ಬತ್ತದೆ ಭಕ್ತರಿಗೆ ದರ್ಶನವೀಯುತ್ತಿದೆ. ಫೆಬ್ರವರಿಯ ಮೊದಲ ಭಾನುವಾರ ಅಲ್ಲಿ ನೆರೆಯುವವರು, ಊರಿನವರೂ ನಮ್ಮವರೂ, ಪರಿಚಯವಿಲ್ಲದವರಿಗೇ ತೀರ್ಥ ಕೊಡಬೇಕು. ಕೊಡುವವರು ಮೊದಲು ತಾವು ಕುಡಿಯಬೇಕು. ತೆಗೆದುಕೊಳ್ಳುವವರು ಮೂಸಿ ನೋಡಿದರೆ ಆ ಕ್ಷೇತ್ರದಲ್ಲಿ ಅದು ಅಪಚಾರವಲ್ಲ.